ಹಬ್ಬದ ಮೈಕಿನಲ್ಲಿ ನನ್ನ ಹೆಸರೂ ಬರಲಿ

ಸಂತ ಅಂತೋಣಿಯವರ ದೇವಾಲಯದ ಗುರುಗಳಾದ ಮಾನ್ಯರೇ,

ನಿಮ್ಮ ಸಂತರ ಮೇಲೆ ನನ್ನದೊಂದು ದೂರಿದೆ. ನನ್ನ ಹೆಂಡತಿ ಗಂಗಾಲಕ್ಷ್ಮಿಯ ಬಾಯಿಂದ ನನಗೆ ಸಲ್ಲಬೇಕಾದ ಹೊಗಳಿಕೆಯನ್ನೆಲ್ಲ ಬಹಳ ವರ್ಷಗಳಿಂದ ಅವರೇ ಪಡೆಯುತ್ತಿದ್ದಾರೆ. ಸಂತರನ್ನು ಠಾಣೆಗೆ ಕರೆಸುವಂತಿಲ್ಲ. ಅವರ ಪರವಾಗಿ ಈ ಊರಿನಲ್ಲಿ ಕೈಗೆ ಸಿಗುವ ಅಧಿಕಾರಿ ನೀವೊಬ್ಬರೇ. ಗುಟ್ಟಾಗಿ ಬಂದು ಹೇಳಬಹುದಿತ್ತಲ್ಲ ಎನ್ನಬೇಡಿ. ಅವರ ಹೊಗಳಿಕೆ ಊರಿಗೆಲ್ಲ ಕೇಳುವಂತೆ ಮೈಕಿನಲ್ಲಿ ಬಂದಿದೆ, ನನ್ನ ದೂರು ಪತ್ರಿಕೆಯಲ್ಲಾದರೂ ಬರಲಿ.

ನಾನು ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಲಗೇಜ್ ಆಟೊ ಓಡಿಸುವವನು. ನಾವು ನಿಮ್ಮ ಸಭೆಯವರಲ್ಲ. ನಮ್ಮ ಮನೆದೇವರು ಬೇರೆ, ವರ್ಷಕ್ಕೊಮ್ಮೆ ಕುರುಡುಮಲೆ ಗಣಪನಿಗೂ ಹೋಗಿಬರುತ್ತೇವೆ. ಆ ಗಣಪನ ಮೇಲೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಬಂದಿಲ್ಲ. ಅಷ್ಟೆತ್ತರದ ದೇವರೆದುರು ಯಾವ ಗಂಡ ತಾನೇ ಪೈಪೋಟಿಗೆ ನಿಲ್ಲುತ್ತಾನೆ? ನಿಮ್ಮವರ ಸಂಗತಿ ಹಾಗಲ್ಲ. ನನ್ನಷ್ಟೇ ಎತ್ತರ, ನನಗಿಂತ ತೆಳ್ಳಗಿನ ಮೈ, ಶಾಂತವಾದ ಮುಖ, ತೋಳಿನಲ್ಲಿ ನಗುವ ಮಗು. ನಿಮ್ಮಲ್ಲಿ ಮಂಗಳವಾರದ ಪ್ರಾರ್ಥನೆ ಮುಗಿಸಿ ಬಂದ ಗಂಗಾಲಕ್ಷ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾಳೆ. "ಆವಯ್ಯ ಒಂದೇ ಕೈಯಾಗೆ ಮಗೂನ ಎತ್ಕೊಂಡವ್ರೆ. ನೀವು ನಮ್ ಗೋಪಿನ ಒಂದಿನಾನಾದ್ರೂ ಎತ್ಕೊಂಡಿದ್ರಾ?" ಎನ್ನುತ್ತಾಳೆ. ನಮ್ಮ ಮಗ ಗೋಪಿಗೆ ಮೀಸೆ ಬಂದಿದೆ, ವೇಮಗಲ್‌ನ ಫ್ಯಾಕ್ಟರಿಗೆ ಹೋಗುತ್ತಿದ್ದಾನೆ. ಈಗ ಎತ್ತಿಕೊಳ್ಳಲು ಹೋದರೆ ಅವನೇ ಓಡಿಹೋಗುತ್ತಾನೆ.

ಕಳೆದುಹೋದದ್ದನ್ನು ಹುಡುಕಿಕೊಡುವುದು ನಿಮ್ಮ ಸಂತರ ವಿಶೇಷವಂತೆ. ಇರಬಹುದು, ದೊಡ್ಡವರ ವಿಷಯ ನನಗೇನು ಗೊತ್ತು? ಆದರೆ ಅವಳ ಓಲೆ ಬಚ್ಚಲ ಮೋರಿಗೆ ಬಿದ್ದಾಗ ಆ ಕೊಚ್ಚೆಯೊಳಗೆ ತೋಳು ಇಳಿಸಿದ್ದು ಯಾರು? ಓಲೆ ನನ್ನ ಬೆರಳಿಗೆ ತಾಗಿದ ಗಳಿಗೆಯಲ್ಲೇ ಅವಳು ಆಕಾಶ ನೋಡಿ "ಅಂತೋಣಪ್ಪಾ, ಕಾಪಾಡ್ದೆ" ಎಂದಳು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಮೋರಿಯೊಳಗೆ ಹೋದ ತೋಳು ನನ್ನದು, ಮರುದಿನ ಹಚ್ಚಿದ ಮೇಣದಬತ್ತಿ ಅವರಿಗೆ. ಅದೇ ಬೀರುವಿನ ಬೀಗದ ಕೈ ಕಾಣದಿದ್ದರೆ ಅಂತೋಣಿಯವರನ್ನು ಯಾರೂ ಬೈಯುವುದಿಲ್ಲ. "ಎಲ್ಲಿ ಬಿಸಾಕಿದ್ರಿ?" ಎಂದು ನನ್ನನ್ನೇ ಕೇಳುತ್ತಾಳೆ. ಕಳೆದರೆ ನಾನು, ಸಿಕ್ಕಿದರೆ ಅವರು! ಇದು ಯಾವ ನ್ಯಾಯ ಸ್ವಾಮಿ?

ಇಷ್ಟಾದರೂ ನುಂಗಿಕೊಂಡಿದ್ದೆ. ಹೋದ ವರ್ಷದ್ದು ಮಾತ್ರ ನುಂಗಲಾಗಲಿಲ್ಲ. ಮಾವಿನ ಸುಗ್ಗಿ ಜೋರಾಗಿದ್ದ ಕಾಲ. ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದ ಗಂಗಾಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಮುದುಡಿಬಿದ್ದಳು. ನನ್ನ ಗಾಡಿಯ ತುಂಬ ಬಾದಾಮಿ ಮಾವಿನ ಹಣ್ಣು. ಇಳಿಸಿ ಜೋಡಿಸುವಷ್ಟು ವ್ಯವಧಾನವಿರಲಿಲ್ಲ, ಪೂರಾ ಲೋಡನ್ನು ರಸ್ತೆಗೆ ಸುರಿದೆ. ಗೋಣಿಚೀಲ ಹಾಸಿ ಅವಳನ್ನು ಮಲಗಿಸಿಕೊಂಡು ಕೋಲಾರಕ್ಕೆ ಹೊಡೆದೆ. ದಾರಿಯುದ್ದಕ್ಕೂ ರಸ್ತೆಯ ಒಂದೊಂದು ಉಬ್ಬಿಗೂ ಹಿಂದಿನಿಂದ "ಅಂತೋಣಪ್ಪಾ, ಅಂತೋಣಪ್ಪಾ" ಎಂಬ ಕೂಗು. ಗಾಡಿ ನನ್ನದು, ಸ್ಟೇರಿಂಗ್ ಹಿಡಿದ ಕೈ ನನ್ನದು, ಕೂಗು ಮಾತ್ರ ಅವರಿಗೆ. ಆಸ್ಪತ್ರೆಯಲ್ಲಿ ನರ್ಸು "ಗಂಡನ್ ಹೆಸ್ರೇನಮ್ಮಾ?" ಎಂದು ಕೇಳಿದರು. ಅಂಥ ನೋವಿನಲ್ಲೂ ಅವಳು ನನ್ನತ್ತ ಬೆರಳು ಮಾಡಿ, "ಅವರ್ನೇ ಕೇಳವ್ವಾ" ಎಂದಳೇ ಹೊರತು ಹೆಸರು ಹೇಳಲಿಲ್ಲ. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ, ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತಂತೆ. ಆಪರೇಷನ್ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತು, ಇವಳಿಲ್ಲದ ಮನೆಯ ಬಾಗಿಲು ಹೇಗೆ ತೆಗೆಯಲಿ ಎಂದು ಕಣ್ಣೀರು ಹಾಕಿದವನು ನಾನು.

ಆಪರೇಷನ್ ಆದ ಮುಂದಿನ ತಿಂಗಳು ಹದಿಮೂರಕ್ಕೆ ನಿಮ್ಮ ಹಬ್ಬ ಬಂತು. ಬಾವುಟ, ಬ್ಯಾಂಡು, ಸೀರಿಯಲ್ ಸೆಟ್ಟು, ಮಂತ್ರಿಸಿ ಹಂಚುವ ಬನ್ನು. ಒಪ್ಪುತ್ತೇನೆ, ನಮ್ಮ ಪೇಟೆಯಲ್ಲಿ ಅಷ್ಟು ಚೆಂದದ ಹಬ್ಬ ಇನ್ನೊಂದಿಲ್ಲ. ಸಂತರ ಮೆರವಣಿಗೆಗೆ ಮಾವಿನ ಗಾಡಿಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ನಾನೂ ಸರಿಸಿದ್ದೇನೆ. ಅವತ್ತು ಅವಳು ಬರಿಗಾಲಲ್ಲಿ ಒಳಗೆ ಹೋದಳು. ನಾನು ಎಂದಿನಂತೆ ಗೇಟಿನ ಹತ್ತಿರ ಅವಳ ಚಪ್ಪಲಿ ಕಾಯುತ್ತ ನಿಂತೆ. ಮೆರವಣಿಗೆಗೆ ಮುಂಚೆ ಭಕ್ತರ ಕೃತಜ್ಞತೆಗಳನ್ನು ಮೈಕಿನಲ್ಲಿ ಓದುವುದು ನಿಮ್ಮ ಪದ್ಧತಿ. ಓದಿದಿರಿ: "ತಮ್ಮ ಪ್ರಾಣ ಉಳಿಸಿಕೊಟ್ಟ ಸಂತ ಅಂತೋಣಿಯವರಿಗೆ ಗಂಗಾಲಕ್ಷ್ಮಿಯವರು ಕೃತಜ್ಞತೆ ಸಲ್ಲಿಸುತ್ತಾರೆ." ಜನ ಕೈ ಮುಗಿದರು. ನನಗೆ ಹೊಟ್ಟೆ ಉರಿದುಹೋಯಿತು. ಸಂತರ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೆಂದು ಗೊತ್ತು, ಆದರೂ ಪಟ್ಟೆ, ಇವತ್ತಿಗೂ ಪಡುತ್ತಿದ್ದೇನೆ.

ಮನೆಗೆ ಬಂದು ಕೇಳಿಯೇಬಿಟ್ಟೆ. "ಗಾಡಿ ಓಡ್ಸಿದ್ದು ಯಾರೇ?"

"ನೀವೇ."

"ಹಣ್ಣು ರೋಡಿಗೆ ಸುರಿದಿದ್ದು?"

"ನೀವೇ. ಇಲ್ಲ ಅಂದ್ನಾ?"

"ಮತ್ತೆ ಮೈಕಲ್ಲಿ ನನ್ನೆಸ್ರು ಯಾಕ್ ಬರ್ಲಿಲ್ಲ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಏಮಂಡಿ, ಬುದ್ಧಿ ಐತಾ ನಿಮ್ಗೆ? ಕಟ್ಕೊಂಡೋನ ಹೆಸ್ರು ಯಾರಾದ್ರೂ ಹೇಳ್ತಾರಾ? ನಿಮ್ ಆಯಸ್ಸು ಕಮ್ಮಿ ಆಗ್ತದೆ. ನೀವ್ ಹೋದ್ರೆ ನಂಗ್ಯಾರವ್ರೆ?"

ಮದುವೆಯಾದ ದಿನದಿಂದ ಅವಳಿಗೆ ನಾನು ಬರೀ 'ಏಮಂಡಿ', ನಮ್ಮ ಕಡೆಯ ತೆಲುಗಿನ 'ಏನ್ರೀ'. ಸದರ ಮಾಡುತ್ತಿದ್ದಾಳೆಂದೇ ತಿಳಿದಿದ್ದೆ. ನಾನು ಬದುಕಿರಲಿ ಎಂದು ಬಾಯಿ ಕಟ್ಟಿಕೊಂಡಿದ್ದಳೆಂದು ಅವತ್ತೇ ತಿಳಿದದ್ದು. ನಿಮ್ಮ ಸಂತರಿಗೆ ಆ ತೊಂದರೆಯಿಲ್ಲ. ಅವರು ತೀರಿಕೊಂಡು ಶತಮಾನಗಳೇ ಆದವು, ದಿನಕ್ಕೆ ನೂರು ಸಲ ಕೂಗಿದರೂ ಕಮ್ಮಿಯಾಗಲು ಅವರಲ್ಲಿ ಆಯಸ್ಸೇ ಇಲ್ಲ. ಹೀಗಿರುವಾಗ ಈ ಪೈಪೋಟಿಯಲ್ಲಿ ನಾನು ಗೆಲ್ಲುವುದು ಹೇಗೆ? ಸತ್ತ ಮೇಲೆ ಅವಳು ನನ್ನ ಹೆಸರು ಹಿಡಿದು ಕೂಗಬಹುದು. ಕೇಳಿಸಿಕೊಳ್ಳಲು ನಾನಿರಬೇಕಲ್ಲ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹೆಂಡತಿ ಹೇಳಿದರೆ ಮಾತ್ರ ಗಂಡನ ಆಯಸ್ಸಿಗೆ ಕುತ್ತು, ಗುರುಗಳು ಹೇಳಿದರೆ ಏನೂ ಆಗುವುದಿಲ್ಲ, ಅವಳನ್ನೇ ಕೇಳಿ ಖಾತರಿ ಮಾಡಿಕೊಂಡಿದ್ದೇನೆ. ಈ ಸಲದ ಹಬ್ಬದಲ್ಲಿ ಸಂತರಿಗೆ ಸಲ್ಲುವುದೆಲ್ಲ ಸಂದ ಮೇಲೆ, ಕೊನೆಯಲ್ಲಿ ಒಂದೇ ಒಂದು ಸಾಲು ಓದಿ: "ಗಂಗಾಲಕ್ಷ್ಮಿಯವರು ತಮ್ಮ ಗಂಡ ಚಂದ್ರಮೋಹನ್ ಅವರಿಗೂ ಕೃತಜ್ಞತೆ ಸಲ್ಲಿಸುತ್ತಾರೆ." ಆಗ ಅವಳ ಮುಖ ಹೇಗಾಗುತ್ತದೆಂದು ನೋಡಲು ನಾನು ಒಳಗೆ ಬರುತ್ತೇನೆ. ಅಷ್ಟು ಹೊತ್ತು ಗೇಟಿನ ಹತ್ತಿರ ಅವಳ ಚಪ್ಪಲಿಗಳನ್ನು ನಿಮ್ಮ ಸಂತರೇ ನೋಡಿಕೊಳ್ಳಲಿ. ಕಳೆದುಹೋದರೆ ಹುಡುಕಿಕೊಡುವುದು ಹೇಗೂ ಅವರದೇ ಕೆಲಸ.

ಇಂತಿ,
ಊರಿಗೆ ಚಂದ್ರಮೋಹನ್, ಮನೆಯಲ್ಲಿ ಬರೀ 'ಏಮಂಡಿ'