ಕೊನೆ ಸ್ಟಾಪಿನ ಮನೆ

ಕುಂಬಾರಕೊಪ್ಪಲು, ಮೈಸೂರು
13-2-2025

ನನ್ನ ಮುದ್ದಿನ ಮೊಂಡಿ ಕಮಲಳಿಗೆ,

ಸಾಕಮ್ಮ ಬರೆಯುತ್ತಿರುವ ಕಾಗದ. ಹತ್ತು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವನ್ನು ಕಟ್ ಮಾಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಮೊನ್ನೆ ನಿನ್ನ ಮಗಳು ಸಿಕ್ಕಿದ್ದಳು. ರಿಟೈರಾಗಿ ಮೂರು ತಿಂಗಳಾಯಿತು, ಅಮ್ಮ ಹೊಸಿಲು ದಾಟಿಲ್ಲ, ಇನ್ನು ನಾನು ಯಾರಿಗೆ ಬೇಕವ್ವ ಅಂತಾಳೆ ಎಂದು ಹೇಳಿ ಅತ್ತುಬಿಟ್ಟಳು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನೀನು, ಕುಡಿದು ಗಲಾಟೆ ಮಾಡುವವರನ್ನು ಕಾಲರ್ ಹಿಡಿದು ಇಳಿಸಿದವಳು. ಅದನ್ನು ಕೇಳಿಯೇ ನಿನಗೆ ಫೋನ್ ಮೇಲೆ ಫೋನ್ ಮಾಡಿದ್ದು.

ಒಂದು ಸುಳ್ಳು ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನೂ ಇದೇ ಕಂಡಕ್ಟರ್ ಕೆಲಸದಿಂದ ರಿಟೈರಾದಾಗ, ರಾಣಿ ಥರ ಇದ್ದೀನಿ ಕಣೇ, ಎಂಟು ಗಂಟೆವರೆಗೂ ಮಲಗ್ತೀನಿ ಅಂತ ನಿನ್ನ ಹತ್ತಿರ ಕೊಚ್ಚಿಕೊಂಡಿದ್ದೆ. ಎಲ್ಲಾ ಬುರುಡೆ. ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದೇನು? ಅಡುಗೆಮನೆಯಲ್ಲಿ ಯಜಮಾನರು ಅಡ್ಡ ನಿಂತರೆ, ಮುಂದಕ್ಕೋಗ್ರಿ, ಮುಂದೆ ಜಾಗ ಅದೆ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದೆ.

ಆಮೇಲೆ ಮಾನ ಹೋಗುವ ಕೆಲಸ ಒಂದು ಮಾಡಿದೆ. ನಿನಗೂ ಹೇಳಿಲ್ಲ. ಒಂದು ದಿನ ಜಯಲಕ್ಷ್ಮಿಪುರಂಗೆಂದು ಬಸ್ ಹತ್ತಿದೆ. ಸಿಂಚನ ಅಂತ ಹೊಸ ಹುಡುಗಿ, ಕಂಡಕ್ಟರ್, ಟಿಕೆಟ್ ಟಿಕೆಟ್ ಎನ್ನುತ್ತ ಬಂದಳು. ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಸ್ಟಾಫ್ ಎಂದಿತು. ಮೂವತ್ತು ವರ್ಷದ ಚಾಳಿ, ಎಲ್ಲಿ ಹೋಗುತ್ತದೆ? ಅವಳು ನಂಬಿ ಮುಂದೆ ಹೋದಳು. ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರು ಹತ್ತಿ ನನ್ನ ಕಾರ್ಡ್ ಕೇಳಿದರು. ಕಾರ್ಡನ್ನು ರಿಟೈರಾದ ದಿನವೇ ಒಪ್ಪಿಸಿ ಬಂದಿದ್ದೆನಲ್ಲ. ಹೆಂಗಸರಿಗೆ ಪುಕ್ಕಟೆಯಾದರೂ ಸೊನ್ನೆ ಟಿಕೆಟ್ ಇರಲೇಬೇಕು ಎಂದು ನನಗೆ ಗೊತ್ತಿಲ್ಲವೇ? ಅದನ್ನು ಕೊಡದ ತಪ್ಪಿಗೆ ಆ ಹುಡುಗಿಗೆ ಮೆಮೊ ಬರೆದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ಡಿಪೋಗೆ ಹೋಗಿ, ತಪ್ಪು ನನ್ನದು ಎಂದು ಕೈಯಾರೆ ಬರೆದುಕೊಟ್ಟೆ. ಸಾಹೇಬರು ಬರೀ ಎಚ್ಚರಿಕೆ ಹೇಳಿ ಮೆಮೊ ವಾಪಸು ತೆಗೆದುಕೊಂಡರು. ಅವಳ ಹತ್ತಿರ ಕ್ಷಮೆ ಕೇಳೋಣವೆಂದು ನಮ್ಮ ಮನೆ ಪಕ್ಕದ ಕೊನೆ ಸ್ಟಾಪಿನಲ್ಲಿ ಕಾದು ನಿಂತು, ಒಂದು ಲೋಟ ಮಜ್ಜಿಗೆ ಕೊಡಲು ಹೋದೆ. ಬೇಡಿ ಆಂಟಿ, ಡ್ಯೂಟಿಲಿ ಏನೂ ಕುಡಿಯಲ್ಲ ಎಂದಳು.

ಯಾಕೆಂದು ನಾನು ಕೇಳಲಿಲ್ಲ. ನಮಗೆ ಯಾರಾದರೂ ಹೇಳಿಕೊಡಬೇಕೇ? ಡ್ರೈವರಣ್ಣನಿಗೆ ಒಂದು ಮರದ ಮರೆ ಸಾಕು. ನಾವು ಎಲ್ಲಿಗೆ ಹೋಗಬೇಕು? ಬೆಳಗ್ಗೆ ಐದರಿಂದ ಮಧ್ಯಾಹ್ನ ಎರಡರವರೆಗೆ ಒಂದು ಗುಟುಕು ನೀರಿಲ್ಲದೆ ಟಿಕೆಟ್ ಹರಿದವರು ನಾವು. ನಿನಗೆ ಉರಿಮೂತ್ರವಾಗಿ, ಜ್ವರ ಏರಿ, ಬಸ್ಸಿನಲ್ಲೇ ಕುಸಿದ ದಿನವನ್ನು ನಾನು ಮರೆತಿಲ್ಲ ಕಮಲ. ಬಾರವ್ವ ಒಳಕ್ಕೆ ಎಂದು ಅವಳ ಕೈ ಹಿಡಿದು ಕರೆತಂದು ಬಾತ್‌ರೂಮು ತೋರಿಸಿದೆ. ಹೊರಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿದಳು.

ಈಗ ನಾಲ್ಕು ಜನ ಕಂಡಕ್ಟರ್ ಹುಡುಗಿಯರು ಬರುತ್ತಾರೆ. ಒಬ್ಬೊಬ್ಬರದೂ ಐದು ನಿಮಿಷ, ಅಷ್ಟೇ. ನಾನು ಬೆಳಗ್ಗೆಯೇ ಎದ್ದು ಬಾತ್‌ರೂಮು ಉಜ್ಜಿ, ಬಕೆಟ್ ತುಂಬಿಸಿ, ಮಜ್ಜಿಗೆ ಕಡೆದಿಟ್ಟು ಗಡಿಯಾರ ನೋಡುತ್ತಿರುತ್ತೇನೆ. ಬಸ್ ತಡವಾದರೆ ಡ್ರೈವರಿಗೆ ಬೈಗುಳ ಗ್ಯಾರಂಟಿ. ಇದೇನೇ, ಮನೇನೂ ಡಿಪೋ ಮಾಡ್ಬುಟ್ಟಲ್ಲ ಎಂದು ಯಜಮಾನರು ರೇಗಿಸುತ್ತಾರೆ. ಆದರೆ ಟವೆಲ್ ಒಗೆದು ಹರವುವವರು ಅವರೇ. ಇದೇನು ಘನಂದಾರಿ ಸೇವೆಯಲ್ಲ. ಏಳುವುದಕ್ಕೆ ಒಂದು ಕಾರಣ ಸಿಕ್ಕಿತು, ಅಳುವುದು ನಿಂತಿತು, ಅಷ್ಟೇ.

ನಿನ್ನನ್ನು ಕಂಡರೆ ನನಗೆ ಪ್ರಾಣ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಯಾರಿಗೆ ಬೇಕು ಎಂದು ಕೇಳಿದೆಯಲ್ಲ, ಮೊದಲು ನನಗೆ ಬೇಕು. ಮುಖ ತೊಳೆದು ತಲೆ ಬಾಚಿಕೋ.

ನಿನ್ನ ಜಗಳಗಂಟಿ,
ಸಾಕಮ್ಮ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಸೋಮವಾರದಿಂದ ಸಿಂಚನಳಿಗೆ ಹೂಟಗಳ್ಳಿ ರೂಟು. ಅಲ್ಲಿಯ ಕೊನೆ ಸ್ಟಾಪಿಗೂ ನಿಮ್ಮ ಮನೆಗೂ ನಲವತ್ತು ಹೆಜ್ಜೆ ಇದ್ದರೆ ಹೆಚ್ಚು. ನಿನ್ನನ್ನು ಕೇಳದೆಯೇ ಮನೆಯ ಗುರುತು ಹೇಳಿದ್ದೇನೆ. ಅವಳಿಗೆ ಈಗ ಐದು ತಿಂಗಳು, ಮೊದಲಿನ ಹಾಗೆ ತಡೆದುಕೊಳ್ಳಲು ಆಗುವುದಿಲ್ಲ. ಒಂಬತ್ತೂ ನಲವತ್ತಕ್ಕೆ ಬಂದು ಬಾಗಿಲು ತಟ್ಟುತ್ತಾಳೆ, ಒಂಬತ್ತೂ ಐವತ್ತಕ್ಕೆ ಬಸ್ ಹೊರಡಬೇಕು. ಆ ಊರಲ್ಲಿ ಅವಳಿಗೆ ಬೇರೆ ಮನೆ ಗೊತ್ತಿಲ್ಲ.