ನನ್ನ ಹೆಸರಿನಲ್ಲಿ ನೀನು ಬರೆದದ್ದು

ಕಾಸರಕೋಡ, ಹೊನ್ನಾವರ
೧೨ ಅಕ್ಟೋಬರ್ ೨೦೦೮

ದಿನೇಶಣ್ಣನಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಆರೋಗ್ಯವಾಗಿದ್ದೀಯ ತಾನೆ? ಮೊದಲು ಅದನ್ನೇ ಕೇಳು ಎಂದು ಅವ್ವಿ ಒಲೆಯ ಹತ್ತಿರದಿಂದ ಹೇಳಿದಳು, ಅದಕ್ಕೆ ಕೇಳಿದೆ. ನಿನ್ನ ಬೆನ್ನುನೋವು ಕಡಿಮೆಯಾಯಿತೇ, ಗೋವಾದ ಆ ಹೋಟೆಲಿನಲ್ಲಿ ರಾತ್ರಿ ಪಾಳಿ ತಪ್ಪಿತೇ ಎಂದು ಕೇಳುತ್ತಿರುವವಳೂ ಅವಳೇ. ಅವಳ ಮಂಡಿನೋವು ಹಾಗೆಯೇ ಇದೆ, ಆದರೂ ಮೀನುಬುಟ್ಟಿ ಹೊತ್ತು ಪೇಟೆಗೆ ಹೋಗುವುದನ್ನು ಬಿಟ್ಟಿಲ್ಲ. ಈ ವಾರ ಬಂಗಡೆ ಚೆನ್ನಾಗಿ ಬಿದ್ದಿದೆ. ನನಗೇನೂ ಆಗಿಲ್ಲ. ಸಿಟ್ಟು ಬಂದಿದೆ, ಅಷ್ಟೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಆತು ಆತು, ಗಿರಾಕಿ ಬಂದ್ರು" ಎಂದು ಇಟ್ಟುಬಿಡುತ್ತೀ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವವರಿಲ್ಲ.

ನನ್ನ ಆರ್ಕುಟ್ ಖಾತೆ ನನಗೆ ವಾಪಸು ಸಿಕ್ಕಿದೆ. ಇದನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಮಳೆಗಾಲ ಶುರುವಾದ ಹೊಸದರಲ್ಲಿ ಒಂದು ದಿನ ಗುರುದತ್ತಣ್ಣನ ಸೈಬರ್ ಕೆಫೆಯಲ್ಲಿ ಕೂತು ಪಾಸ್‌ವರ್ಡ್ ಹಾಕಿದರೆ ತಪ್ಪು ಎಂದು ಬಂತು. ಎಷ್ಟು ಸಲ ಹಾಕಿದರೂ ತಪ್ಪು. ಗಾಬರಿಯಾಗಿ ನಿನಗೇ ಫೋನ್ ಮಾಡಿದೆ, ಖಾತೆ ಮಾಡಿಕೊಟ್ಟವನು ನೀನೇ ಅಲ್ಲವೇ. ನೀನು ಎಷ್ಟು ಶಾಂತವಾಗಿ ಹೇಳಿದೆ: "ಯಾರೋ ಹ್ಯಾಕ್ ಮಾಡಿರ್ಬೇಕು. ಹೆಣ್ಮಕ್ಕಳು ಫೋಟೋ ಹಾಕಿದ್ರೆ ಹೀಂಗೇ ಆಗೂದು. ಬಿಟ್ಟುಬಿಡು ಅದನ್ನ." ನಾನು ನಂಬಿದೆ. ಹೊಸ ಪಾಸ್‌ವರ್ಡ್ ಕೇಳಿದರೆ ಮೇಲ್ ಹೋಗುವುದು ನಿನ್ನ ವಿಳಾಸಕ್ಕೆ, ಯಾಕೆಂದರೆ ಖಾತೆ ಮಾಡುವ ದಿನ ನೀನು ಅಲ್ಲಿ ನಿನ್ನದನ್ನೇ ಕೊಟ್ಟಿದ್ದೆ. ಪ್ರತಿ ಸಲ ಕೇಳಿದಾಗಲೂ ನಿನಗೆ ಫೋನ್ ಮಾಡಿ "ಬಂತಾ ಅಣ್ಣಾ" ಎಂದೆ. "ಎಂತದೂ ಬರ್ಲಿಲ್ಲ" ಎಂದೆ ನೀನು. ಬಂದಿತ್ತು. ಪ್ರತಿ ಸಲವೂ ಬಂದಿತ್ತು.

ಅನುಮಾನ ಬಂದದ್ದು ರೇಖಾಳಿಂದ. ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲೇ ಅವಳೂ ಇದ್ದಾಳೆ. ಅವಳ ಖಾತೆಯಿಂದ ನನ್ನ ಪುಟ ತೆರೆದು ನೋಡಿದರೆ ನನ್ನ ಫೋಟೋ ಇರಲಿಲ್ಲ. ಇಡಗುಂಜಿಗೆ ಹೋದಾಗ ತೆಗೆದ, ಹಸಿರು ಚೂಡಿದಾರಿನ ಆ ಫೋಟೋದ ಜಾಗದಲ್ಲಿ ಒಂದು ಗುಲಾಬಿ ಹೂ ಇತ್ತು. ರೇಖಾ ನಕ್ಕುಬಿಟ್ಟಳು. "ಇಂಥ ಮರ್ಯಾದಸ್ಥ ಕಳ್ಳ ಎಲ್ಲಿಯವ್ನೇ, ನಿನ್ನ ಅಣ್ಣನ ಹಾಂಗೇ ಇದ್ನಲ್ಲ" ಎಂದಳು. ಅವಳು ತಮಾಷೆಗೆ ಹೇಳಿದಳು, ನನಗೆ ನಗು ಬರಲಿಲ್ಲ. ನಿನ್ನನ್ನು ಇನ್ನು ಕೇಳುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಪಾಸ್‌ವರ್ಡ್ ಬದಲಿಸಿದವನು ಸರಿಯುತ್ತರ ಕೊಟ್ಟರೆ ಖಾತೆ ತೆರೆಯುವ ಗುಟ್ಟಿನ ಪ್ರಶ್ನೆಯನ್ನು ಬದಲಿಸಲು ಮರೆತಿದ್ದೆ ನೀನು. ಎರಡು ವರ್ಷದ ಹಿಂದೆ, ಅಪ್ಪ ಇನ್ನೂ ಇದ್ದಾಗ, ನೀನೇ ಟೈಪ್ ಮಾಡಿದ ಪ್ರಶ್ನೆ: ನಮ್ಮ ದೋಣಿಯ ಹೆಸರೇನು? ಉತ್ತರ ಜಟಗೇಶ್ವರ ಎಂದು ಈ ಕೇರಿಯ ಮಕ್ಕಳಿಗೂ ಗೊತ್ತು. ಆದರೆ ನಿನ್ನ ಇಂಗ್ಲಿಷಿನಲ್ಲಿ ಜಟಗೇಶ್ವರನನ್ನು ಹೇಗೆ ಬರೆಯುತ್ತೀ ಎಂದು ಆ ದೇವರಿಗೂ ಗೊತ್ತಿರಲಿಕ್ಕಿಲ್ಲ. ನಾನು ಬರೆದದ್ದೆಲ್ಲ ತಪ್ಪಾಯಿತು, ಕೊನೆಗೆ ಇವತ್ತಿಗೆ ಸಾಕು, ಮತ್ತೆ ಬಾ ಎಂದು ಕಂಪ್ಯೂಟರೇ ಬಾಗಿಲು ಹಾಕಿಕೊಂಡಿತು. ಆಗ ನೆನಪಾಯಿತು, ದೋಣಿಯ ಹಿಂಬದಿಗೆ ಹೆಸರು ಬರೆದವನು ನೀನು. ಪೇಂಟರ್ ಬೇಡ, ನನಗೇ ಬರುತ್ತದೆ ಎಂದು ಡಬ್ಬ ಹಿಡಿದು ಕೂತಿದ್ದೆ. "ಇದು ಎಂತ ಬರ್ದದ್ದೋ" ಎಂದು ಅಪ್ಪ ಕೇಳಿದ್ದರು, ನೀನು ಇಂಗ್ಲಿಷ್ ಎಂದಿದ್ದೆ.

ರಜೆ ಹಾಕಿ ಭಟ್ಕಳಕ್ಕೆ ಹೋದೆ. ಅವ್ವಿಗೆ ರೇಖಾಳ ಮನೆಗೆ ಎಂದು ಹೇಳಿದ್ದೆ. ಅಪ್ಪ ಹೋದ ಮೇಲೆ ದೋಣಿಯನ್ನು ಕೊಂಡ ಬೀರಪ್ಪ ಬಂದರಿನಲ್ಲೇ ಸಿಕ್ಕಿದರು. ಗುರುತು ಹಿಡಿದು, ಚಾ ಕುಡಿಸಿ, ಎಂತಕ್ಕೆ ಬಂದದ್ದು ಎಂದು ಕೇಳಿದರು. ದೋಣಿ ನೋಡಬೇಕಿತ್ತು ಎಂದೆ. ಅವರಿಗೆ ಅಯ್ಯೋ ಎನ್ನಿಸಿರಬೇಕು, ಅಪ್ಪನ ನೆನಪಿಗೆ ಬಂದಿದ್ದೇನೆ ಎಂದುಕೊಂಡು ಕರೆದುಕೊಂಡು ಹೋದರು. ಬಣ್ಣ ಈಗ ನೀಲಿ. ಹೆಸರು ಮಾತ್ರ ಹಾಗೆಯೇ ಇದೆ. "ಅದನ್ನ ಅಳಿಸೂಕೆ ಧೈರ್ಯ ಬರ್ಲಿಲ್ಲ ತಂಗೀ. ದೇವ್ರ ಹೆಸ್ರು, ಅದ್ರ ಮೇಲೆ ನಿನ್ನ ಅಪ್ಪ ಇಟ್ಟದ್ದು" ಎಂದರು. ಎಚ್ ಇಲ್ಲವೇ ಇಲ್ಲ, ವಿ ಇರಬೇಕಾದಲ್ಲಿ ಡಬ್ಲ್ಯು, ಕೊನೆಗೆ ಬೇಡದ ಒಂದು ಎ. ಅಂಗೈ ಮೇಲೆ ಬರೆದುಕೊಂಡೆ. ಬೀರಪ್ಪ ಎದುರಿಗಿಲ್ಲದಿದ್ದರೆ ಆ ಹಲಗೆಯ ಮೇಲೆ ಕೈಯಿಟ್ಟು ಅತ್ತುಬಿಡುತ್ತಿದ್ದೆ. ನನ್ನದೇ ಮನೆಯ ಬಾಗಿಲು ತೆರೆಯಲು ಇಷ್ಟು ದೂರ ಬರುವಂತೆ ಮಾಡಿದೆಯಲ್ಲ ನೀನು.

ಮರುದಿನ ಖಾತೆ ತೆರೆಯಿತು. ತೆರೆಯದಿದ್ದರೇ ಚೆನ್ನಾಗಿತ್ತೇನೋ. ಕಮಲಿ ಅಕ್ಕ ನನ್ನನ್ನು ಹುಡುಕಿ ಬರೆದಿದ್ದಳು ಎಂಬುದು ನಿನಗೆ ಗೊತ್ತು, ಅದನ್ನು ನೋಡಿಯೇ ನೀನು ಬೀಗ ಹಾಕಿದ್ದು. ಅವಳು ನಮ್ಮನ್ನು ಬಿಟ್ಟು ಹೋಗಿ ಏಳು ವರ್ಷ. ಗೇರುಸೊಪ್ಪೆಯ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ವೆಲ್ಡರ್ ವಿನೋದನ ಹಿಂದೆ ಹೋದಳು, ಬೇರೆ ಜಾತಿ, ಕೇರಿಯಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಕೂಗಾಡಿದವನು ನೀನು. ಅವಳ ಪೆಟ್ಟಿಗೆಯನ್ನು ಹೊಳೆಗೆ ಎಸೆದವನೂ ನೀನು. ಅವಳು ಈಗ ಪನವೇಲಿನಲ್ಲಿದ್ದಾಳೆ, ಒಬ್ಬಳು ಮಗಳಿದ್ದಾಳೆ. "ತಂಗೀ, ಗುರುತು ಸಿಕ್ತಾ? ಅವ್ವಿ ಹೇಂಗಿದ್ದು? ಅಪ್ಪ ಈಗಲೂ ದೋಣಿಗೆ ಹೋಗ್ತ್ರಾ?" ಎಂದು ಬರೆದಿದ್ದಳು. ನನಗೆ ಉತ್ತರ ಬರೆಯಲು ಆಗಿರಲಿಲ್ಲ. ಅಪ್ಪ ಹೋದದ್ದು ಅವಳಿಗೆ ಗೊತ್ತಿಲ್ಲ, ಎಲ್ಲರೂ ಓದುವ ಜಾಗದಲ್ಲಿ ಅದನ್ನು ಹೇಗೆ ಬರೆಯುವುದು, ನಾಳೆ ಅವಳ ಫೋನ್ ನಂಬರ್ ಕೇಳೋಣ ಎಂದು ಮನೆಗೆ ಬಂದಿದ್ದೆ. ಆ ನಾಳೆಯನ್ನು ನೀನು ತೆಗೆದುಕೊಂಡೆ.

ಅಕ್ಕನ ಪುಟದಲ್ಲಿ ನೀನು ಬರೆದದ್ದು ಇನ್ನೂ ಇತ್ತು. ಮೇಲೆ ನನ್ನ ಹೆಸರು, ಪಕ್ಕದಲ್ಲಿ ಆ ಗುಲಾಬಿ, ಕೆಳಗೆ ನಿನ್ನ ಮಾತು. "ಅಪ್ಪ ಸತ್ತರು. ನಿನ್ನ ಚಿಂತೆಯಲ್ಲೇ ಸತ್ತರು. ನೀನು ನಮ್ಮ ಪಾಲಿಗೆ ಸತ್ತಿದ್ದೀ ಎಂದು ಅವ್ವಿ ಹೇಳಿದ್ದಾಳೆ. ಇನ್ನು ಬರೆಯಬೇಡ." ಅದರ ಕೆಳಗೆ ಅವಳು ಒಂದು ಅಕ್ಷರವನ್ನೂ ಬರೆದಿಲ್ಲ. ಅಣ್ಣಾ, ಅಪ್ಪನಿಗೆ ಎದೆನೋವು ಬಂದ ದಿನ ಗಾಡಿಯಲ್ಲಿ ಅವರ ತಲೆ ನಿನ್ನ ತೊಡೆಯ ಮೇಲಿತ್ತು. ಅವರು "ಕಮಲಿಗೆ ಹೇಳಿ ಕಳ್ಸಿ" ಎಂದದ್ದನ್ನು ಅಳುತ್ತ ಬಂದು ನಮಗೆ ಹೇಳಿದವನು ನೀನೇ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಗೊತ್ತಿಲ್ಲದೆ ಬರೆದರು ಎನ್ನುತ್ತಿದ್ದೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ, ಬರೆಯುವಾಗ ನಿನ್ನ ಹೆಸರು ಹಾಕುವ ಧೈರ್ಯವಿಲ್ಲದೆ ನನ್ನದನ್ನು ಹಾಕಿದೆ. ಮನೆತನದ ಮರ್ಯಾದೆಯ ಮಾತಾಡುವವನು ನೀನು.

ಅವ್ವಿಗೆ ಹೇಳಬಾರದು ಎಂದುಕೊಂಡೇ ಮನೆಗೆ ಬಂದೆ, ಆದರೆ ಮುಖ ನೋಡಿದೊಡನೆ ಅವಳೇ ಕೇಳಿದಳು. ಎಲ್ಲ ಹೇಳಿದೆ. ಬೈಯಲಿಲ್ಲ, ಅಳಲಿಲ್ಲ. ಕೊಯ್ಯುತ್ತಿದ್ದ ಮೀನನ್ನು ಹಾಗೆಯೇ ಮುಚ್ಚಿಟ್ಟು, ಕೈ ತೊಳೆದು, ಸೀರೆ ಬದಲಿಸಿ "ನಡಿ, ಆ ಕಂಪ್ಯೂಟರ್ ಪೆಟ್ಟಿಗೆ ಎದ್ರು ನನ್ನ ಕೂರ್ಸು" ಎಂದಳು. ಗುರುದತ್ತಣ್ಣ ಕುರ್ಚಿ ಕೊಟ್ಟರೂ ಕೂರಲಿಲ್ಲ, ನನ್ನ ಹೆಗಲು ಹಿಡಿದು ನಿಂತೇ ಹೇಳಿದಳು: "ನಾ ಹಾಂಗೆ ಹೇಳ್ಲಿಲ್ಲ ಅಂತ ಬರಿ. ಅಪ್ಪ ಹೋಗೂಕೆ ಮೊದ್ಲು ಅವ್ಳ ಹೆಸ್ರು ಹೇಳಿದ್ರು ಅಂತ ಬರಿ. ನೀ ಇದನ್ನ ಬರೂವಾಗ ನಾ ಹತ್ರವೇ ನಿಂತಿದ್ದೆ ಅಂತ್ಲೂ ಬರಿ." ಟೈಪ್ ಮಾಡಿದ್ದನ್ನು ಅವಳಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಳು. ನಿನ್ನ ಹೆಸರನ್ನೂ ಬರೆಯಲು ಹೊರಟಿದ್ದೆ, ಆಗ ಹೆಗಲ ಮೇಲಿನ ಕೈ ಬಿಗಿಯಾಯಿತು. "ಅವ್ನ ಹೆಸ್ರು ಬೇಡ. ಅಕ್ಕ ತಮ್ಮ ಒಬ್ರ ಮುಖ ಒಬ್ರು ನೋಡೂದು ಉಳೀಲಿ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೂ ಬರೆಯಲಿಲ್ಲ.

ಅಕ್ಕನ ಉತ್ತರ ಬರಲು ಒಂದು ವಾರ ಹಿಡಿಯಿತು. ನಂಬರ್ ಮಾತ್ರ ಇತ್ತು. ಬಸ್ ಸ್ಟ್ಯಾಂಡಿನ ಬೂತಿನಿಂದ ಅವ್ವಿ ಫೋನ್ ಮಾಡಿದಳು. ಅವ್ವಿ ಕೇಳಿದ ಮೊದಲ ಮಾತು, "ಅಲ್ಲಿ ಒಳ್ಳೆ ಮೀನು ಸಿಕ್ತ್ಯಾ?" ಎಂದು. ಆ ಕಡೆಯಿಂದ ಅಕ್ಕ ಜೋರಾಗಿ ಅತ್ತದ್ದು ಬೂತಿನ ಹೊರಗೆ ನಿಂತ ನನಗೂ ಕೇಳಿಸಿತು. ಅವ್ವಿ ಬೆವರಿನಲ್ಲಿ ತೋಯ್ದು ಹೊರಗೆ ಬಂದಾಗ ಅವಳ ಮುಖ ಅಪ್ಪ ಇದ್ದಾಗಿನ ಹಾಗೆ ಇತ್ತು. ನಾಲ್ಕು ತಿಂಗಳ ಹಿಂದೆಯೇ ಈ ಮುಖ ನೋಡಬಹುದಿತ್ತು. ಅದಕ್ಕೆ ನಾನು ನಿನ್ನನ್ನು ಸುಲಭಕ್ಕೆ ಬಿಡುವುದಿಲ್ಲ.

ಪಾಸ್‌ವರ್ಡ್, ಪ್ರಶ್ನೆ, ಮೇಲ್ ವಿಳಾಸ ಎಲ್ಲ ಬದಲಿಸಿದ್ದೇನೆ. ನನ್ನ ಫೋಟೋ ಮತ್ತೆ ಹಾಕಿದ್ದೇನೆ, ಅದೇ ಹಸಿರು ಚೂಡಿದಾರಿನದು. ನಿನಗೆ ನೋಡಲು ಕಷ್ಟವಾದರೆ ನೋಡಬೇಡ. ಅವ್ವಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದಿದ್ದಾಳೆ. ಅವಳ ಮಾತು ಎಂದು ತಲುಪಿಸಿದ್ದೇನೆ.

ನಿನ್ನ ತಂಗಿ,
ಧನ್ಯಶ್ರೀ

ಮರೆತಿದ್ದೆ: ಟಪಾಲಿಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ದೀಪಾವಳಿಯ ಹಿಂದಿನ ದಿನ ಬೆಳಗಿನ ರೈಲಿಗೆ ಅಕ್ಕ ಮಗಳನ್ನು ಕರೆದುಕೊಂಡು ಕುಮಟಾಕ್ಕೆ ಬಂದು ಇಳಿಯುತ್ತಾಳೆ. ಕರೆತರಲು ನೀನೇ ಹೋಗಬೇಕು ಎಂದು ಅವ್ವಿ ಹೇಳಿದ್ದಾಳೆ, ರಜೆ ಕೇಳು. ಮನೆ ತಲುಪುವುದರೊಳಗೆ ದಾರಿಯಲ್ಲೇ ಅವಳಿಗೆ ಹೇಳು, ಬರೆದವನು ನೀನು ಎಂದು. ನೀನಾಗಿ ಹೇಳದಿದ್ದರೆ ಅವ್ವಿ ಬೇಡವೆಂದರೂ ನಾನು ಹೇಳುತ್ತೇನೆ. ಬರೆದವಳು ನಾನೇ ಎಂದು ಅವಳು ಇನ್ನೂ ತಿಳಿದಿದ್ದಾಳೆ. ನಿನ್ನೆ ಫೋನಿನಲ್ಲಿ ಅಕ್ಕ "ದಿನೇಶ ಹೇಂಗಿದ್ದ, ತೆಳ್ಳಗಾಗಿದ್ನಾ" ಎಂದು ನಿನ್ನ ವಿಷಯವನ್ನೇ ಮತ್ತೆ ಮತ್ತೆ ಕೇಳಿದಳಂತೆ. ಧನ್ಯಾ ಪಕ್ಕದಲ್ಲೇ ಇದ್ದಾಳೆ, ಕೊಡಲಾ ಎಂದು ಅವ್ವಿ ಕೇಳಿದ್ದಕ್ಕೆ ಬೇಡ ಎಂದಳು.