ಪಿಕಪ್ ಮಾರಬೇಡಿ

ಅತ್ತೆ,

ಹತ್ತು ಗಂಟೆಗೆ ರಸೆಲ್ ಬಂದರೆ, ಕ್ಲೇಟನ್‌ನ ಪಿಕಪ್ ಮಾರುವುದಿಲ್ಲ ಎಂದು ಹೇಳಿ. ಕಾಫಿ ಕೊಟ್ಟು ಕಳುಹಿಸಿ, ಮುಂಗಡ ಮಾತ್ರ ಮುಟ್ಟಬೇಡಿ. ನಾವು ಆ ತೆರಿಗೆ ಕಟ್ಟಬೇಕಾಗಿಲ್ಲ.

ಬ್ಯಾಂಕಿನಿಂದ ಬಂದ ಕಾಗದವನ್ನೂ ನೀವು ಬರೆದಿಟ್ಟ ಲೆಕ್ಕವನ್ನೂ ನಿನ್ನೆ ಗ್ರಂಥಾಲಯದಲ್ಲಿ ತೆರಿಗೆ ಲೆಕ್ಕ ಬರೆದುಕೊಡುವ ಒಡೆಟ್ ಅವರಿಗೆ ತೋರಿಸಿದೆ. ಮನ್ನಾ ಆದ ಅರವತ್ತೊಂದು ಸಾವಿರ ಡಾಲರ್ ಮನೆ ಸಾಲವನ್ನು ನೀವು ನಮ್ಮಿಬ್ಬರ ಆದಾಯವೆಂದು ಬರೆದಿದ್ದನ್ನು ನೋಡಿ ನಕ್ಕುಬಿಟ್ಟರು. "ಬ್ಯಾಂಕಿನೋರೇ ಬಿಟ್ಟಿದ್ರೆ ತೆರಿಗೆ ಬೀಳ್ತಿತ್ತೇನೋ. ಇದು ದಿವಾಳಿ ಕೋರ್ಟು ಮನ್ನಾ ಮಾಡಿದ್ದು ಕಣಮ್ಮ, ಆದಾಯ ಅಲ್ಲ. ಪೆನ್ನು ಕೆಳಗಿಡೋಕೆ ಹೇಳು ನಿಮ್ಮತ್ತೆಗೆ!" ಎಂದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಂಥ ಕಾಗದ ಕಂಡರೆ ಯಾರಾದರೂ ಹೆದರುತ್ತಾರೆ. ಆದರೆ ನನ್ನನ್ನು ಕೇಳದೆ ರಸೆಲ್‌ಗೆ ಫೋನ್ ಮಾಡಬಾರದಿತ್ತು.

982 ಎಂಬ ನಮೂನೆಯಲ್ಲಿ ಮೊದಲ ಚೌಕಕ್ಕೆ ಗುರುತು ಹಾಕಿ ತೆರಿಗೆ ಲೆಕ್ಕಕ್ಕೆ ಲಗತ್ತಿಸಿದರೆ ಸಾಕಂತೆ. ಕೋರ್ಟಿನ ಆದೇಶ ಹಿಡಿದುಕೊಂಡು ಗ್ರಂಥಾಲಯಕ್ಕೇ ಹೊರಟಿದ್ದೇನೆ. ಅದನ್ನು ನೀವು ಜೋಪಾನವಾಗಿ ಇಟ್ಟಿದ್ದು ಒಳ್ಳೆಯದಾಯಿತು.

ಒಲೆಯ ಮೇಲೆ ಬೀನ್ಸ್ ಸೂಪ್ ಇದೆ. ಮಾತ್ರೆ ಊಟವಾದ ಮೇಲೆ, ಮೊದಲಲ್ಲ.

ಗಾಡಿ ಅಂಗಳದಲ್ಲಿ ಇಲ್ಲವೆಂದು ಗಾಬರಿಯಾಗಬೇಡಿ, ನಾನೇ ತೆಗೆದುಕೊಂಡು ಹೋಗುತ್ತಿದ್ದೇನೆ. ನಿಮ್ಮ ಮಗ ತೀರಿಹೋದ ಮೇಲೆ ಐದು ತಿಂಗಳು ಅದನ್ನು ಯಾರೂ ಓಡಿಸಿರಲಿಲ್ಲ. ಬೆಳಿಗ್ಗೆ ಹತ್ತಿ ಕುಳಿತು ನೋಡಿದೆ. ಕಾಲು ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದುಕೊಂಡೆ.

ಕೊರಿನ್